ಅಮ್ಮನ ಬಾಗಿಲಿನ ಬೆಳ್ಳಿ ಕಣ್ಣು

ಹರಕೆಯ ಬೆಳ್ಳಿ ಕಣ್ಣನ್ನು ಯಾರೂ ತೂಕ ಹಾಕಿಸಿ ಕೊಳ್ಳುವುದಿಲ್ಲ. ಹಳೇಬೀಡಿನ ನನ್ನ ಅಂಗಡಿಗೆ ಬಂದವರು "ಒಂದ್ ಜೊತೆ ಕಣ್ಣು ಕೊಡಜ್ಜಿ" ಅನ್ನುತ್ತಾರೆ, ದುಡ್ಡು ಕೊಡುತ್ತಾರೆ, ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಅದೇ ಜನ ಕಾಲುಂಗುರ ಕೊಳ್ಳುವಾಗ ತೂಕ ಕೇಳುತ್ತಾರೆ. ಮಗುವಿನ ಉಡಿದಾರ ಕೊಳ್ಳುವಾಗ ತಕ್ಕಡಿಯ ಅಂಕಿ ನಿಲ್ಲುವ ತನಕ ಉಸಿರು ಬಿಡುವುದಿಲ್ಲ. ದೇವರಿಗೆ ಕೊಡುವುದಕ್ಕೆ ಮಾತ್ರ ತೂಕ ಕೇಳುವುದಿಲ್ಲ. ಕೇಳಿದರೆ ಹರಕೆ ಕೆಡುತ್ತದೆ ಅನ್ನುವ ಭಯ.

ಬೆಳ್ಳಿ ಅಂಗಡಿಯವರಿಗೆ ಲಾಭ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಕಣ್ಣಿನಿಂದಲೇ ಶುರು ಮಾಡುತ್ತೇನೆ. ಹಳೆಯ ಗೆಜ್ಜೆ ಕೊಳ್ಳುವಾಗ ಬೆಸುಗೆಗೆ ಇಷ್ಟು, ಕೊಳೆಗೆ ಇಷ್ಟು, ಒಳಗಿನ ಮಣಿಗೆ ಇಷ್ಟು ಎಂದು ಕಳೆಯುತ್ತೇವೆ. ಹೊಸದು ಮಾರುವಾಗ ಮಜೂರಿ ಸೇರಿಸುತ್ತೇವೆ, ವೇಸ್ಟೇಜು ಸೇರಿಸುತ್ತೇವೆ. ಎರಡರ ನಡುವೆ ಉಳಿಯುವುದು ನಮ್ಮ ಅನ್ನ. ಅದು ಎಲ್ಲರಿಗೂ ಗೊತ್ತು. ಅದಕ್ಕೇ ಚೌಕಾಸಿ ಮಾಡುತ್ತಾರೆ, ಜಗಳ ಆಡುತ್ತಾರೆ, ಎದ್ದು ಹೋಗಿ ಮತ್ತೆ ಬರುತ್ತಾರೆ. ಕಣ್ಣು, ತೊಟ್ಟಿಲು, ನಾಗರ, ಕೈ, ಕಾಲು, ಹರಕೆಯ ಈ ತಗಡುಗಳಿಗೆ ಚೌಕಾಸಿ ಇಲ್ಲ. ಇವು ಪೊಟ್ಟಣ ಕಟ್ಟಿಯೇ ಹೊರಗಿನಿಂದ ಬರುತ್ತವೆ. ಜೊತೆಗೆ ಇಷ್ಟು ಅಂತ ರೇಟು. ಒಳಗೆ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ತಂದುಕೊಡುವವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ, ಕೊಳ್ಳುವವರು ನಮ್ಮನ್ನು ಕೇಳುವುದಿಲ್ಲ. ಬೆಳ್ಳಿ ಕಡಿಮೆ ಎಂದು ಮಾತ್ರ ನಮಗೆ ಗೊತ್ತು. ಎಷ್ಟು ಕಡಿಮೆ ಎನ್ನುವುದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಬೆಳ್ಳಿಯ ಬೆಲೆ ಹುಚ್ಚು ಹಿಡಿದ ಹಾಗೆ ಏರುತ್ತಿದ್ದಾಗ.

ಗೆಂಡೆಹಳ್ಳಿ ಕಡೆಯ ಒಂದು ಊರು. ಅಲ್ಲಿಯ ಅಮ್ಮನಿಗೆ ಬೆಳ್ಳಿಯ ಮುಖವಾಡ ಮಾಡಿಸಬೇಕೆಂದು ಗುಡಿ ಸಮಿತಿಯವರು ಎಷ್ಟೋ ವರ್ಷದಿಂದ ಅಂದುಕೊಂಡಿದ್ದರು. ಬೆಲೆ ಇಳಿಯಲಿ ಎಂದು ಕಾದರು. ಇಳಿಯಲಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷ ನನ್ನ ಅಂಗಡಿಗೆ ಬಂದ. ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ಮನುಷ್ಯ, ಯಾವಾಗಲೂ ಅವಸರ.

"ಅಜ್ಜಿ, ಹೊಸ ಬೆಳ್ಳಿ ಕೊಳ್ಳೋ ಮಾತೇ ಇಲ್ಲ ಇನ್ನು. ಅಮ್ಮನ ಪೆಟ್ಟಿಗೇಲಿ ಹರಕೆ ಬೆಳ್ಳಿ ತುಂಬ್ಕೊಂಡೈತೆ. ಅದನ್ನೇ ಕರಗಿಸಿ ಮುಖವಾಡ ಮಾಡ್ಸಾನ ಅಂತ. ನೀನು ಬಂದು ತೂಕ ಹಾಕು, ಅರಸೀಕೆರೇಲಿ ಕರಗಿಸಿಕೊಡು. ನಿನ್ ಕೂಲಿ ನೀನು ತಗೋ."

"ಕೂಲಿ ತಗೊಳ್ದೆ ಬಿಡ್ತೀನಾ? ಸಾಲಾಗಿ ಇಷ್ಟು ಅಂಗಡಿ ಅವೆ, ನನ್ನನ್ನೇ ಯಾಕ್ ಕೇಳ್ತೀಯ?"

"ಉಳಿದೋರು ನಗ್‌ನಗ್ತಾ ಕುತ್ತಿಗೆ ಕುಯ್ತಾರೆ. ನೀನು ಕುಯ್ತೀನಿ ಅಂತ ಹೇಳಿ ಕುಯ್ತೀಯ ಅಂತ ಜನ ಅಂತಾರೆ."

ಒಪ್ಪಿಕೊಂಡೆ.

ಗುಡಿ ಸಣ್ಣದು. ಪೂಜೆ ಮಾಡುವವನು ನಲವತ್ತು ದಾಟಿದ ಪೂಜಾರಪ್ಪ. ಅವನಿಗಿಂತ ಮುಂಚೆ ಅವನ ಅಪ್ಪ, ಅದಕ್ಕಿಂತ ಮುಂಚೆ ಅಜ್ಜ. ಪೆಟ್ಟಿಗೆಯ ಬೀಗದ ಕೈ ಅವರ ಮನೆಯಲ್ಲೇ ಇರುತ್ತಿತ್ತು. ಎರಡನೆಯ ಕೈ ಇರಲಿಲ್ಲ, ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಗುಡಿಯಲ್ಲಿ ಒಂದು ಪದ್ಧತಿ ಇದೆ. ಕಣ್ಣಿನ ಹರಕೆ ತಂದವರು ಅದನ್ನು ಪೆಟ್ಟಿಗೆಗೆ ಹಾಕಬಹುದು. ಇಲ್ಲವೇ ಪೂಜಾರಿಯ ಕೈಯಿಂದ ಗರ್ಭಗುಡಿಯ ಬಾಗಿಲುವಾಡಕ್ಕೆ ಮೊಳೆ ಹೊಡೆಸಬಹುದು. ಬಾಗಿಲಿಗೆ ಸೇರಿದ ಕಣ್ಣನ್ನು ಯಾರೂ ಕೀಳುವಂತಿಲ್ಲ. ತಾನಾಗಿ ಉದುರಿದರೆ ಪೆಟ್ಟಿಗೆಗೆ ಹೋಗುತ್ತದೆ. ಬಾಗಿಲುವಾಡದ ತುಂಬ ಕಣ್ಣು. ಕೆಲವು ಹೊಳೆಯುತ್ತಿದ್ದವು, ಕೆಲವು ಎಣ್ಣೆ ಮಸಿ ಹಿಡಿದು ಮಸುಕಾಗಿದ್ದವು. ಒಳಗೆ ಹೋಗುವಾಗ ಅವೆಲ್ಲ ನಮ್ಮನ್ನೇ ನೋಡುತ್ತವೆ. ನನಗೆ ಅದರಿಂದ ಏನೂ ಆಗಲಿಲ್ಲ. ನಾನು ಅವನ್ನು ಮಾರುವವಳು.

ಸಮಿತಿಯವರ ಎದುರಿಗೆ ಪೆಟ್ಟಿಗೆ ತೆಗೆದು ಕಂಬಳಿಯ ಮೇಲೆ ಸುರಿದರು. ಒಂದೆರಡು ಕಡಗ, ಒಂದು ಛತ್ರಿ, ಹಳೆಯ ಬಟ್ಟಲು, ಇಷ್ಟು ಗಟ್ಟಿ ಸಾಮಾನು. ಮಿಕ್ಕಿದ್ದೆಲ್ಲ ತಗಡು.

"ಗಟ್ಟಿದು ಒಂದ್ ಕಡೆ, ತಗಡು ಒಂದ್ ಕಡೆ ಮಾಡ್ರಪ್ಪ. ಬೇರೆ ಬೇರೆ ಕರಗಿಸಾನ" ಅಂದೆ.

ಅಧ್ಯಕ್ಷ ಕೈ ಅಡ್ಡ ಹಿಡಿದ. "ಅದ್ಯಾಕಜ್ಜಿ? ದೊಡ್ಡೋರು ಕೊಟ್ಟಿದ್ದು ಬೇರೆ, ಬಡವ್ರು ಕೊಟ್ಟಿದ್ದು ಬೇರೆ ಅಂತ ಮಾಡ್ತೀಯಾ? ಅಮ್ಮನ ಮುಂದೆ ಎಲ್ಲಾ ಒಂದೇ. ಒಟ್ಟಿಗೆ ಹಾಕು."

ಸುತ್ತ ನಿಂತಿದ್ದವರು ಹೌದು ಹೌದು ಅಂದರು. ಮಾತು ಕೇಳಲು ಚೆನ್ನಾಗಿತ್ತು. ಆದರೆ ಬೆಳ್ಳಿಯ ಕೆಲಸದಲ್ಲಿ ಅದು ತಪ್ಪು. ಒಮ್ಮೆ ಮೂಸೆಯಲ್ಲಿ ಬೆರೆತರೆ ಯಾವುದು ಯಾರದು, ಯಾವುದು ಹೇಗಿತ್ತು ಎಂದು ದೇವರಿಗೂ ಬೇರೆ ಮಾಡಲಾಗದು. ನಾನು ಇನ್ನೊಮ್ಮೆ ಹೇಳಿದೆ. ಕೇಳಲಿಲ್ಲ. ತೂಕ ಹಾಕಿ, ಗಂಟು ಕಟ್ಟಿಸಿ, ಗಂಟಿನ ಮೇಲೆ ಅರಗು ಒತ್ತಿಸಿದೆ.

ಮಾರನೆಯ ದಿನ ಕಾರಿನಲ್ಲಿ ಅರಸೀಕೆರೆಗೆ ಹೋದೆವು. ಮುಂದೆ ಅಧ್ಯಕ್ಷ, ಹಿಂದೆ ನಾನು ಮತ್ತು ಪೂಜಾರಪ್ಪ. ಅವನು ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಬೆಳ್ಳಿ ಕರಗಿಸುವವನು ನನಗೆ ಹಳೆಯ ಗುರುತು. ಅವನ ಗೂಡಂಗಡಿಯಲ್ಲಿ ನಿಂತು ನೋಡಲು ಒಬ್ಬರಿಗೇ ಜಾಗ. ಮೂವರೂ ಒತ್ತಿಕೊಂಡು ನಿಂತೆವು. ಅವನು ಬಿಳಿಗಾರ ಉದುರಿಸಿ ಗ್ಯಾಸಿನ ಬೆಂಕಿ ಬಿಟ್ಟ. ಚೊಕ್ಕ ಬೆಳ್ಳಿ ಕರಗಿದಾಗ ಮೂಸೆಯಲ್ಲಿ ಕನ್ನಡಿಯ ಹಾಗೆ ನಿಲ್ಲುತ್ತದೆ. ಇದು ಮೇಲೆ ಕೆನೆ ಕಟ್ಟಿತು. ಅವನು ಕಡ್ಡಿಯಿಂದ ಕೆನೆ ಸರಿಸಿದ, ಮತ್ತೆ ಕಟ್ಟಿತು. ನನ್ನ ಮುಖ ನೋಡಿದ. ನಾನು ಅಚ್ಚಿನ ಕಡೆ ಕೈ ತೋರಿಸಿದೆ. ಅಚ್ಚಿಗೆ ಹೊಯ್ದು, ಆರಿಸಿ, ಗಟ್ಟಿಯ ಎರಡು ತುದಿಯಲ್ಲಿ ಕೊರೆದು, ಆ ಪುಡಿಯನ್ನು ಪರೀಕ್ಷೆ ಮಾಡಿದ. ಟಚ್ ಎಂದರೆ ನೂರು ಪಾಲಿನಲ್ಲಿ ಬೆಳ್ಳಿ ಎಷ್ಟು ಪಾಲು ಎನ್ನುವ ಲೆಕ್ಕ. ಇದರಲ್ಲಿ ಅರ್ಧಕ್ಕಿಂತ ತುಸು ಮೇಲೆ ಇತ್ತು, ಅಷ್ಟೇ.

"ಇದೇನ್ಲಾ ಇದು?" ಅಧ್ಯಕ್ಷ ಕರಗಿಸುವವನ ಮೇಲೇ ಏರಿಹೋದ. "ಬೆಳ್ಳಿ ಕೊಟ್ರೆ ಪಾತ್ರೆ ಸಾಮಾನು ಮಾಡಿ ಕೊಡ್ತೀಯಾ?"

"ಸ್ವಾಮಿ, ನಿಮ್ಮ ಕಣ್ಣೆದುರಿಗೇ ಹಾಕಿದ್ದು, ನಿಮ್ಮ ಕಣ್ಣೆದುರಿಗೇ ತೆಗೆದಿದ್ದು. ನನ್ನ ತೋಳು ಬೇಕಾದ್ರೆ ಜಾಡಿಸಿ ನೋಡ್ಕೊಳಿ. ಒಳಗೆ ಹೋಗಿದ್ದೇ ಹೊರಗೆ ಬತ್ತದೆ."

ಅದು ನಿಜವಾಗಿತ್ತು. ಅಧ್ಯಕ್ಷನೂ ನೋಡಿದ್ದ. ಅವನು ಆಮೇಲೆ ನನ್ನನ್ನು ನೋಡಿದ. ಗಂಟಿನ ಅರಗು ಒಡೆದದ್ದು ಇಲ್ಲೇ, ಅವನ ಕೈಯಲ್ಲೇ. ಕೊನೆಗೆ ಅವನ ಕಣ್ಣು ಪೂಜಾರಪ್ಪನ ಮೇಲೆ ನಿಂತಿತು. ಬೀಗದ ಕೈ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು.

ವಾಪಸು ಬರುವಾಗ ಬಾಣಾವರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಪೂಜಾರಪ್ಪ ಲೋಟ ಹಿಡಿದ, ಕುಡಿಯಲಿಲ್ಲ.

"ಅಣ್ಣ, ನಿಮ್ಮ ಮನಸ್ಸಲ್ಲಿ ಏನೈತೆ ನಂಗೊತ್ತು. ಗಟ್ಟಿ ಬೆಳ್ಳಿ ತೆಗೆದು ಕಳಪೆದು ಇಟ್ಟವ್ನೆ ಅಂತ ತಾನೆ?"

"ನಾನು ಹಂಗಂದ್ನಾ?"

"ಅನ್ನಬೇಕಾಗಿಲ್ಲ. ನಾನು ಮುಟ್ಟಿಲ್ಲ ಅಂದ್ಮೇಲೆ ಜನ ಕೊಟ್ಟಿದ್ದೇ ಹಂಗೆ ಇರಬೇಕು. ಬಾಗಿಲಲ್ಲಿರೋ ಕಣ್ಣು ಅವೆಯಲ್ಲ, ಅವನ್ನ ಯಾರೂ ಮುಟ್ಟಿಲ್ಲ, ಮುಟ್ಟಂಗೂ ಇಲ್ಲ. ಅದ್ರಲ್ಲಿ ಒಂದು ತಗೊಂಡೋಗಿ ನೋಡ್ಸಿ. ಅದೂ ಹಿಂಗೇ ಇದ್ರೆ ನಾನು ಕಳ್ಳ ಅಲ್ಲ."

"ಬಾಗಿಲ ಕಣ್ಣು ಕೀಳ್ತೀಯಾ?"

"ನಾನೇ ಕೀಳ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ಅವನ ಮಾತು ಸರಿಯಾಗಿತ್ತು. ಆದರೂ ಮನಸ್ಸಿನಲ್ಲಿ ಅವನೇ ತೆಗೆದಿರಬೇಕು ಎಂದುಕೊಂಡೆ. ಬೆಳ್ಳಿ ಈ ಬೆಲೆಗೆ ಹೋದಾಗ ಬೀಗದ ಕೈ ಇಟ್ಟುಕೊಂಡ ಕೈ ತುರಿಸುವುದು ಹೊಸದಲ್ಲ. ನಾನು ಮಾರುವ ತಗಡು ಕಳಪೆ ಎಂದು ಗೊತ್ತಿದ್ದರೂ ಅರ್ಧಕ್ಕೆ ಇಳಿದಿರುತ್ತದೆ ಎಂದು ನಾನು ನೆನೆಸಿರಲಿಲ್ಲ.

ಅವನು ಬಾಗಿಲಿನ ಮೇಲಿನ ಮೂಲೆಯಿಂದ ಒಂದು ಕಣ್ಣನ್ನು ಇಕ್ಕಳದಲ್ಲಿ ಎಬ್ಬಿಸಿ ಕಿತ್ತ. ಅವನ ಅಪ್ಪ ಹೊಡೆದದ್ದಂತೆ. ಮೊಳೆಯ ಜೊತೆ ಮರದ ಒಂದು ಸಿಬಿರೂ ಬಂತು. ಅದನ್ನು ನಾನೇ ಒರೆಸಿ ತೊಳೆದೆ. ಮತ್ತೆ ಅರಸೀಕೆರೆಗೆ ಹೋದೆವು. ಈ ಸಲ ಸಮಿತಿಯ ಇನ್ನೂ ಇಬ್ಬರು ಬಂದರು. ಕರಗಿಸುವವನು ಪಕ್ಕದ ಅಂಗಡಿಗೆ ಕರೆದುಕೊಂಡು ಹೋದ, ಅಲ್ಲಿ ಕರಗಿಸದೆಯೇ ಟಚ್ ನೋಡುವ ಯಂತ್ರವಿದೆ. ಸಾಮಾನನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಪರದೆಯ ಮೇಲೆ ಅಂಕಿ ಬರುತ್ತದೆ. ಕಿತ್ತ ಕಣ್ಣನ್ನು ಇಟ್ಟರು.

ತೊಂಬತ್ತರ ಮೇಲೆ ಬಂತು.

ಪೂಜಾರಪ್ಪ ಆ ಅಂಕಿ ನೋಡುತ್ತಾ ನಿಂತ. ಇನ್ನೊಂದು ಸಲ ಇಡಿ ಅಂದ. ಇಟ್ಟರು. ಅದೇ ಬಂತು.

"ಇನ್ನೇನ್ ಹೇಳ್ತೀಯಪ್ಪ?" ಅಂದ ಅಧ್ಯಕ್ಷ. "ನೀನೇ ಹೇಳಿದ್ದು, ನೀನೇ ಕಿತ್ತಿದ್ದು. ಬಾಗಿಲದು ಚೊಕ್ಕ, ಪೆಟ್ಟಿಗೇದು ಕಳಪೆ. ಬಾಗಿಲು ಎಲ್ಲರಿಗೂ ಕಾಣ್ತದೆ, ಪೆಟ್ಟಿಗೆ ನಿನಗೊಬ್ಬನಿಗೇ ಕಾಣ್ತದೆ."

ಊರಿನಲ್ಲಿ ಗುಡಿಯ ಮುಂದೆ ಕೂತು ತೀರ್ಮಾನ ಮಾಡಿದರು. ಬರುವ ಹುಣ್ಣಿಮೆಯೊಳಗೆ ಕೊರತೆಯ ಬೆಳ್ಳಿ ತುಂಬಿಕೊಡಬೇಕು. ಇಲ್ಲವೇ ಕೀ ಒಪ್ಪಿಸಿ, ಪೂಜೆ ಬಿಟ್ಟು ಗುಡಿಯಿಂದ ಇಳಿಯಬೇಕು. ಪೂಜಾರಪ್ಪ ಆ ಕಣ್ಣನ್ನು ಮತ್ತೆ ಬಾಗಿಲಿಗೆ ಹೊಡೆಯಲು ಒಪ್ಪಲಿಲ್ಲ. "ಅದು ನನ್ನ ಮೇಲೆ ಸಾಕ್ಷಿ ಹೇಳೈತೆ, ನಾನು ಮುಟ್ಟಲ್ಲ" ಅಂದ. ಹಾಗೆ ಅದು ನನ್ನ ಚೀಲದಲ್ಲೇ ಉಳಿಯಿತು.

ಹುಣ್ಣಿಮೆಗೆ ಕೆಲವು ದಿನ ಇರುವಾಗ ಪೂಜಾರಪ್ಪನ ಹೆಂಡತಿ ಅಂಗಡಿಗೆ ಬಂದಳು. ಬಿಸಿಲೇರಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಕಾಲುಗೆಜ್ಜೆ, ಮಗಳ ಉಡಿದಾರ, ಅರಿಶಿನ ಕುಂಕುಮದ ಎರಡು ಬಟ್ಟಲು ಮುಂದಿಟ್ಟಳು.

"ಎಷ್ಟಾಯ್ತದೆ ನೋಡ್ರವ್ವ. ಆದಷ್ಟು ಚೊಕ್ಕ ಬೆಳ್ಳಿ ಕೊಡಿ. ಸಮಿತಿಯೋರಿಗೆ ಕೊಡಬೇಕು."

ನಾನು ತೂಕ ಹಾಕಿದೆ. ಬೆಸುಗೆ, ಕೊಳೆ, ಮಣಿ ಎಲ್ಲ ಕಳೆದು ಹೇಳಿದೆ. ಯಾವಾಗಲೂ ಕಳೆಯುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಕಳೆದೆ, ಯಾಕೆಂದರೆ ಮಾರಲು ಬಂದವರು ಕೂಗಾಡಿ ಸ್ವಲ್ಪ ಏರಿಸುತ್ತಾರೆ, ಅದು ನಮ್ಮ ರೂಢಿ.

"ಆಯ್ತು" ಅಂದಳು.

"ಆಯ್ತು ಅಂದ್ರೆ? ಕಮ್ಮಿ ಆಯ್ತು ಅನ್ನು."

"ನೀವು ಹೇಳಿದ್ದೇ ಸರಿ ಕಣ್ರವ್ವ."

ಚೌಕಾಸಿ ಮಾಡದೆ ಬೆಳ್ಳಿ ಮಾರುವವರನ್ನು ನಾನು ಇಷ್ಟು ವರ್ಷದಲ್ಲಿ ಎರಡೇ ಬಗೆಯಲ್ಲಿ ಕಂಡಿದ್ದೇನೆ. ಒಬ್ಬರು ಕದ್ದು ತಂದವರು. ಅವರು ಬಾಗಿಲ ಕಡೆ ನೋಡುತ್ತಿರುತ್ತಾರೆ. ಇನ್ನೊಬ್ಬರು ಬದುಕೇ ಸಾಕಾದವರು. ಇವಳು ಬಾಗಿಲ ಕಡೆ ನೋಡಲಿಲ್ಲ. ಗೆಜ್ಜೆಯನ್ನೂ ನೋಡಲಿಲ್ಲ.

"ನಿನ್ ಗಂಡ ತೆಗೆದಿದ್ನಾ?" ಎಂದು ನೇರವಾಗಿ ಕೇಳಿದೆ.

"ತೆಗೆದಿದ್ರೆ ಇದನ್ಯಾಕೆ ತತ್ತಿದ್ದೆ? ಅದನ್ನೇ ತಂದು ಕೊಡ್ತಿದ್ನಲ್ಲ."

ನನ್ನ ಚೀಲದಿಂದ ಆ ಬಾಗಿಲಿನ ಕಣ್ಣು ತೆಗೆದೆ. ಕೈಯಲ್ಲಿ ಏನಾದರೂ ಬೇಕಿತ್ತು, ಸುಮ್ಮನೆ ಬೆರಳಲ್ಲಿ ಬಗ್ಗಿಸಿದೆ. ಚೊಕ್ಕ ಬೆಳ್ಳಿಯ ತಗಡು ಬಗ್ಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ, ಮೆತ್ತಗೆ. ಇದು ಬೆರಳು ಬಿಟ್ಟ ಕೂಡಲೇ ಹಿಂದಕ್ಕೆ ಜಿಗಿಯಿತು. ಮತ್ತೆ ಬಗ್ಗಿಸಿದೆ. ಮತ್ತೆ ಜಿಗಿಯಿತು. ಯಂತ್ರ ತೊಂಬತ್ತು ಹೇಳಿದ ಬೆಳ್ಳಿ ಹೀಗೆ ಮಾಡುವುದಿಲ್ಲ.

ಕರಗಿಸುವವನಿಗೆ ಫೋನ್ ಮಾಡಿದೆ.

"ಅಜ್ಜಿ, ಯಂತ್ರ ಮೇಲಿನ ಪದರ ಮಾತ್ರ ನೋಡ್ತದೆ. ತಗಡು ಮಾಡೋರು ಕೊನೇಲಿ ಆಸಿಡ್ ನೀರಲ್ಲಿ ಅದ್ದಿ ತೆಗೀತಾರೆ. ಮೇಲಿರೋ ತಾಮ್ರ ತಿಂದೋಗಿ ಬರೀ ಬೆಳ್ಳಿ ಉಳೀತದೆ. ಒಳಗೆ ಏನೈತೆ ಅಂತ ಯಂತ್ರಕ್ಕೇನು ಗೊತ್ತು?"

"ಅವತ್ತೇ ಯಾಕೋ ಬೊಗಳಲಿಲ್ಲ?"

"ನೀವ್ಯಾರೂ ಕೇಳ್ಲಿಲ್ಲ. ಆ ಯಪ್ಪ ಮೊದ್ಲೇ ನನ್ನ ಕಳ್ಳ ಅಂದಿದ್ದ. ನಂಗ್ಯಾಕೆ ಊರ ಉಸಾಬರಿ?"

ಫೋನ್ ಇಟ್ಟೆ. ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಬೆಳ್ಳಿ ತಕ್ಕಡಿಯ ಮೇಲೇ ಇತ್ತು.

ಆಗ ನನಗೆ ಎರಡು ದಾರಿ ಇದ್ದವು. ಅವಳ ಬೆಳ್ಳಿ ಕೊಂಡು, ಚೊಕ್ಕ ಬೆಳ್ಳಿ ಕೊಟ್ಟು, ತೂಕದಲ್ಲಿ ಕಳೆದದ್ದನ್ನು ನನ್ನ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು ಸುಮ್ಮನಿರಬಹುದಿತ್ತು. ಸಮಿತಿಗೆ ಬೆಳ್ಳಿ ಸಿಗುತ್ತಿತ್ತು, ಅಮ್ಮನಿಗೆ ಮುಖವಾಡ ಆಗುತ್ತಿತ್ತು, ನನಗೆ ಲಾಭ ಬರುತ್ತಿತ್ತು. ಆದರೆ ಅವಳು ಬೆಳ್ಳಿ ತುಂಬಿಕೊಟ್ಟ ದಿನವೇ ಅವಳ ಗಂಡ ಕದ್ದದ್ದು ನಿಜವಾಗುತ್ತಿತ್ತು. ಆಮೇಲೆ ಯಾವ ಬೆಂಕಿಯಲ್ಲೂ ಅದನ್ನು ಬೇರೆ ಮಾಡಲಾಗುತ್ತಿರಲಿಲ್ಲ. ಇನ್ನೊಂದು ದಾರಿ, ಊರ ಮುಂದೆ ಕೂತು ತಗಡಿನ ಒಳಗೇನಿದೆ ಎಂದು ತೋರಿಸುವುದು. ತೋರಿಸಿದರೆ ಹರಕೆಯ ವ್ಯಾಪಾರ ಮುಗಿಯಿತು. ನನ್ನದೊಂದೇ ಅಲ್ಲ, ಸಾಲಿನ ಅಂಗಡಿಗಳೆಲ್ಲದರದ್ದು. ಕಾಲುಂಗುರ ಕೊಳ್ಳಲು ಯಾರೂ ಬರದ ದಿನಗಳಲ್ಲೂ ಆ ಕಣ್ಣು ನನಗೆ ಊಟ ಹಾಕಿದೆ.

ನನಗೆ ಅವಳ ಮೇಲೆ ಕರುಣೆ ಉಕ್ಕಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಕೊಳ್ಳುವವರು ಕೇಳಲಿಲ್ಲ, ಮಾರುವವರು ಹೇಳಲಿಲ್ಲ. ಅದರ ನಷ್ಟವನ್ನು ನಡುವೆ ನಿಂತು ಮೊಳೆ ಹೊಡೆದವನು ಯಾಕೆ ತುಂಬಬೇಕು? ವ್ಯಾಪಾರ ಅಂದರೆ ಇದಲ್ಲ.

"ಎತ್ಕೊಳ್ಳೇ ಇದನ್ನ" ಅಂದೆ. "ಮಂಗಳವಾರ ಬತ್ತೀನಿ. ಒಂದು ಒಲೆ ಇದ್ದಿಲು ಹಾಕಿಸಿಟ್ಟಿರು."

"ಹುಣ್ಣಿಮೆ ಹತ್ರ ಬಂತು, ಅವ್ವ."

"ಅದಕ್ಕೇ ಮಂಗಳವಾರ ಬತ್ತೀನಿ ಅಂದಿದ್ದು."

ಮಂಗಳವಾರ ಅಮ್ಮನ ಪೂಜೆಗೆ ಊರು ಸೇರುತ್ತದೆ. ಮಂಗಳಾರತಿ ಆದ ಮೇಲೆ ಅಂಗಳದಲ್ಲಿ ಕೂತೆ. ಕೆಂಡದ ಒಲೆ, ಊದುಗೊಳವೆ, ಇಕ್ಕಳ, ಅರ. ನನ್ನ ಅಂಗಡಿಯಿಂದ ಗಟ್ಟಿ ಬೆಳ್ಳಿಯ ಒಂದು ಚೂರು ತಂದಿದ್ದೆ. ಅಧ್ಯಕ್ಷ ಬಂದು ಎದುರಿಗೆ ನಿಂತ.

"ಇದೇನಜ್ಜಿ, ಇಲ್ಲೇ ಒಲೆ ಹೂಡ್ಬಿಟ್ಟೆ? ಅಡುಗೆ ಮಾಡ್ತೀಯಾ?"

"ಹೂಂ. ನಿಂಗೇ ಬಡಿಸ್ತೀನಿ, ಕೂತ್ಕೋ."

ಜನ ನಕ್ಕರು. ಅವನೂ ಕೂತ.

"ಯಂತ್ರ ಮೇಲಿನ ಬಣ್ಣ ನೋಡಿ ಹೇಳ್ತದೆ" ಎಂದೆ. "ಬೆಂಕಿ ಒಳಗಿಂದು ಹೇಳ್ತದೆ. ಚೊಕ್ಕ ಬೆಳ್ಳಿ ಕೆಂಪಗೆ ಕಾಯಿಸಿ ಆರಿಸಿದ್ರೂ ಬಿಳಿ ಬಿಳಿಯಾಗೇ ಇರ್ತದೆ. ತಾಮ್ರ ಬೆರೆತಿದ್ರೆ ಕರ್ರಗಾಯ್ತದೆ. ನೋಡ್ಕೊಳಿ."

ಮೊದಲು ಗಟ್ಟಿ ಬೆಳ್ಳಿಯ ಚೂರನ್ನು ಕೆಂಡದ ಮೇಲಿಟ್ಟು ಊದಿದೆ. ಕೆಂಪಾಯಿತು. ಕಲ್ಲಿನ ಮೇಲಿಟ್ಟೆ. ಆರಿತು. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕೈಯಿಂದ ಕೈಗೆ ದಾಟಿಸಿ ನೋಡಿದರು.

ಆಮೇಲೆ ಬಾಗಿಲಿನ ಕಣ್ಣು. ಒಂದು ಬದಿಯನ್ನು ಅರದಿಂದ ಕೆರೆದೆ. ಕೆರೆದ ಜಾಗ ಆಗಲೇ ಹಳದಿಗೆ ತಿರುಗಿತ್ತು. ಪೂಜಾರಪ್ಪ ಕಂಬಕ್ಕೆ ಒರಗಿ ನಿಂತಿದ್ದ, ಹತ್ತಿರ ಬರಲಿಲ್ಲ. ಊದಿದೆ. ಕಣ್ಣು ಕೆಂಪಾಯಿತು, ಒಂದು ಗಳಿಗೆ ನಿಜವಾದ ಕಣ್ಣಿನ ಹಾಗೇ ಕಂಡಿತು. ಕಲ್ಲಿನ ಮೇಲಿಟ್ಟೆ. ಕೆಂಪು ಹೋದ ಹಾಗೆ ಅಂಚಿನಿಂದ ಕಪ್ಪು ಬಂದು, ನಡುವಿನ ಗುಡ್ಡೆಯ ತನಕ ಪೂರ್ತಿ ಮುಚ್ಚಿಕೊಂಡಿತು.

ಯಾರೋ ಹೆಂಗಸು "ಅಮ್ಮಾ" ಅಂದಳು.

"ಅದೊಂದೇ ಹಂಗಿರಬೋದು" ಅಂದ ಅಧ್ಯಕ್ಷ. ಅವನ ದನಿ ಇಳಿದಿತ್ತು.

"ಹಾಗಾದ್ರೆ ನೀನೇ ಆರಿಸ್ಕೊಂಡು ಬಾ. ನಾನು ಮುಟ್ಟಲ್ಲ, ಪೂಜಾರಪ್ನೂ ಮುಟ್ಟೋದು ಬ್ಯಾಡ."

ಅವನು ಹಿಂದೆ ಮುಂದೆ ನೋಡಿ, ಅಮ್ಮನಿಗೆ ಕೈ ಮುಗಿದು, ಬಾಗಿಲಿನ ಬೇರೆ ಬೇರೆ ಕಡೆಯಿಂದ ನಾಲ್ಕೈದು ಕಿತ್ತು ತಂದ. ಒಂದೊಂದೇ ಕಾಯಿಸಿದೆ. ಒಂದೊಂದೇ ಕಪ್ಪಾದವು. ಒಂದು ಮಾತ್ರ ಬಿಳಿಯಾಗಿ ಉಳಿಯಿತು. ಅದು ತುಂಬ ಹಳೆಯದು, ಕೈಯಲ್ಲಿ ಬಡಿದು ಮಾಡಿದ್ದು, ಸುತ್ತಿಗೆಯ ಗುರುತು ಕಾಣುತ್ತಿತ್ತು. ಯಾರು ಕೊಟ್ಟದ್ದೋ ಯಾರಿಗೂ ಗೊತ್ತಿರಲಿಲ್ಲ.

"ಇವೆಲ್ಲಾ ಯಾರ ಅಂಗಡೀದು?" ಹಿಂದಿನಿಂದ ಒಬ್ಬ ಮುದುಕ ಕೇಳಿದ. ನಾನು ಕಾಯುತ್ತಿದ್ದ ಪ್ರಶ್ನೆ ಅದೇ.

"ನಂದೂ ಅವೆ, ಬೇಲೂರಿಂದೂ ಅವೆ, ಎಲ್ಲಾ ಕಡೆದೂ ಅವೆ. ಪೊಟ್ಟಣ ಬತ್ತದೆ, ಮಾರ್ತೀವಿ. ಜೊತೆಗೆ ಇಷ್ಟು ಅಂತ ನೀವು ಕೊಡ್ತೀರಿ. ಅದರಲ್ಲಿ ಬೆಳ್ಳಿ ಕಾಸಿಂದು, ಮಿಕ್ಕಿದ್ದು ಪೊಟ್ಟಣ ಮಾಡೋನಿಗೆ, ತರೋನಿಗೆ, ನಂಗೆ. ಹಿಂಗೆ ನಮ್ಮ ಹೊಟ್ಟೆ ತುಂಬ್ತದೆ. ತೂಕ ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳಿದ್ಯಾ?"

"ದೇವ್ರಿಗೆ ಕೊಡೋದನ್ನ ತೂಕ ಕೇಳ್ತಾರೇನಜ್ಜಿ?"

"ಅದಕ್ಕೇ ಹಿಂಗಾಗಿರೋದು."

ಬೈದರು. ಬೈಯಲಿ ಎಂದು ಕೂತೆ. ದೇವರ ದುಡ್ಡು ತಿಂದವಳು ಎಂದ ಒಬ್ಬಳು ನನ್ನಲ್ಲೇ ಮಗನಿಗೆ ಉಡಿದಾರ ಕೊಂಡವಳು. ಅದರ ತೂಕವನ್ನು ಮೂರು ಸಲ ಹಾಕಿಸಿದ್ದವಳು. ಬೈಗುಳ ಮುಗಿದ ಮೇಲೆ ಅಧ್ಯಕ್ಷ ಎದ್ದು ಪೂಜಾರಪ್ಪನ ಹತ್ತಿರ ಹೋದ. ಕ್ಷಮಿಸು ಅನ್ನಲಿಲ್ಲ. "ಕೀ ನಿನ್ನ ಹತ್ರಾನೇ ಇರ್ಲಿ. ಇನ್ನೊಂದು ಮಾಡ್ಸಾನ, ಅದು ನನ್ನ ಹತ್ರ ಇರ್ಲಿ" ಅಂದ. ಪೂಜಾರಪ್ಪ ತಲೆ ಆಡಿಸಿದ. ಅವನ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಅವನು ಕಲ್ಲಿನ ಮೇಲಿದ್ದ ಕಪ್ಪು ಕಣ್ಣುಗಳನ್ನೇ ನೋಡುತ್ತಿದ್ದ.

ಮುಖವಾಡದ ಲೆಕ್ಕ ಕೆಟ್ಟಿತು. ಆ ಗಟ್ಟಿಯನ್ನು ಶುದ್ಧ ಮಾಡಿಸಿದಾಗ ಅರ್ಧದಷ್ಟೇ ಬೆಳ್ಳಿ ಉಳಿಯಿತು. ಹಣೆ, ಮೂಗು, ಬಾಯಿಗೆ ಸಾಕಾಯಿತು. ಕಿರೀಟ ಆಗಲಿಲ್ಲ. ಕೂಲಿ ನಾನು ಬಿಡಲಿಲ್ಲ. ಅಧ್ಯಕ್ಷ ಹಲ್ಲು ಕಡಿದು ಕೊಟ್ಟ. ಹೊತ್ತಿಗೆ ಸರಿಯಾಗಿ ಕೊಟ್ಟ.

ಹಳೇಬೀಡಿನಲ್ಲಿ ಪಕ್ಕದ ಅಂಗಡಿಯವನು ನನಗೆ ಚಿಲ್ಲರೆ ಕೊಡುವುದನ್ನೂ ಬಿಟ್ಟ.

"ಅಜ್ಜಿ, ನಿಂಗೆ ವಯಸ್ಸಾಯ್ತು. ನಮ್ಮ ಹೊಟ್ಟೆ ಮೇಲ್ಯಾಕೆ ಕಾಲಿಟ್ಟೆ?"

"ನಿನ್ ಹೊಟ್ಟೆ ಬಗ್ಗದಂಗೆ ಬೆಳೆದೈತೆ. ನನ್ನ ಕಾಲಿಂದ ಏನೂ ಆಗಲ್ಲ ಬಿಡು."

ಅಂದೆ, ಆದರೆ ರಾತ್ರಿಯ ಊಟಕ್ಕೆ ಲೆಕ್ಕ ಹಾಕುವ ಹಾಗಾಯಿತು. ಪೊಟ್ಟಣ ತಂದುಕೊಡುವವನು ನನ್ನ ಅಂಗಡಿಯ ಮುಂದೆ ಬೈಕು ನಿಲ್ಲಿಸುವುದಿಲ್ಲ. ಜನ ಬಂದು ಅಂಗಡಿಯಲ್ಲಿ ಉಳಿದ ಬೆಳ್ಳಿ ಕಣ್ಣನ್ನು ಎತ್ತಿ ನೋಡಿ, ಬಗ್ಗಿಸಿ ನೋಡಿ, ಇಟ್ಟು ಹೋಗುತ್ತಾರೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚನೆ ಮಾಡುವಷ್ಟು ಪುರುಸೊತ್ತು ಈಗ ಬೇಕಾದಷ್ಟಿದೆ.

ಒಂದು ಸಂತೆಯ ದಿನ ಪೂಜಾರಪ್ಪ ಬಂದ. ಉಪಕಾರ ಆಯಿತು ಎಂದು ಹೇಳಲು ಬಂದನೇನೋ ಅಂದುಕೊಂಡೆ. ಅದಲ್ಲ.

"ಎಷ್ಟು ವರ್ಷದಿಂದ ಮಾರ್ತಿದ್ದೀರಿ ಅವ್ವ, ಆ ಕಣ್ಣನ್ನ?"

"ಅಂಗಡಿ ಇಟ್ಟಾಗ್ಲಿಂದ."

"ಅಷ್ಟು ವರ್ಷವೂ ನಾನು, ನಮ್ಮಪ್ಪ ಅದನ್ನ ಬೆಳ್ಳಿ ಅಂತ ಅಮ್ಮನ ಪಾದಕ್ಕೆ ಮುಟ್ಟಿಸಿ ಮೊಳೆ ಹೊಡೆದ್ವಿ." ನನ್ನ ಮುಂದಿದ್ದ ಒಂದು ಕಣ್ಣನ್ನು ಎತ್ತಿ ಬಗ್ಗಿಸಿ ನೋಡಿದ. "ಆದ್ರೂ ಕೆಲವ್ರಿಗೆ ಕಣ್ಣು ವಾಸಿ ಆಯ್ತಲ್ಲ."

"ಡಾಕ್ಟ್ರ ಹತ್ರನೂ ಹೋಗಿರ್ತಾರೆ ಬಿಡಿ."

ಅವನು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದ. ಕಾಯಿಸಿದ ಕಣ್ಣುಗಳನ್ನೆಲ್ಲ ಅವನು ಮತ್ತೆ ಅದೇ ಜಾಗದಲ್ಲಿ ಹೊಡೆದಿದ್ದಾನಂತೆ, ಕಪ್ಪಗಿದ್ದ ಹಾಗೇ.

"ಹುಣಸೆ ನೀರಲ್ಲಿ ಕುದಿಸಿದ್ರೆ ಬೆಳ್ಳಗಾಗ್ತವೆ. ತನ್ನಿ, ನಾನೇ ಮಾಡಿಕೊಡ್ತೀನಿ" ಅಂದೆ.

"ಬ್ಯಾಡಿ. ಹಂಗೇ ಇರ್ಲಿ. ಬಂದೋರು ಏನದು ಅಂತ ಕೇಳ್ತಾರೆ, ಹೇಳ್ತೀನಿ."

ಹಾಗೆ ಅವನು ಹೇಳುವುದರಿಂದಲೇ ನನ್ನ ಅಂಗಡಿ ಖಾಲಿ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಅವನು ಬಂದದ್ದು ಹೆಂಡತಿಯ ಹರಕೆಗೆ. ಮರ್ಯಾದೆ ಉಳಿದರೆ ಒಂದು ಜೊತೆ ಕಣ್ಣು ಕೊಡುತ್ತೇನೆ ಎಂದು ಅವಳು ಹೇಳಿಕೊಂಡಿದ್ದಳಂತೆ. ಪೊಟ್ಟಣದ್ದು ಬೇಡ ಎಂದ. ಎರಡು ದಿನ ಬಿಟ್ಟು ಬನ್ನಿ ಎಂದು ಹೇಳಿ, ನಾನು ಗಟ್ಟಿ ಬೆಳ್ಳಿ ಕಡಿದು, ಬಡಿದು, ಕತ್ತರಿಸಿದೆ. ನನ್ನ ಕೈ ನಡುಗುತ್ತದೆ, ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ಅಗಲವಾಯಿತು. ಅವನು ಬಂದಾಗ ಬೆಳ್ಳಿಗೆ ಇಷ್ಟು, ಮಜೂರಿಗೆ ಇಷ್ಟು ಎಂದು ಬಿಡಿಸಿ ಹೇಳಿದೆ.

"ಮಜೂರಿ ಜಾಸ್ತಿ ಆಯ್ತು ಅವ್ವ."

"ಬಡಿದು ಬಡಿದು ರೆಟ್ಟೆ ಬಿದ್ದೋಗೈತೆ."

"ದೇವ್ರ ಕೆಲ್ಸಕ್ಕೂ ರೆಟ್ಟೆ ನೋಯ್ತದಾ?"

"ದೇವ್ರ ಕೆಲ್ಸಕ್ಕೆ ನೀವು ತಟ್ಟೆ ಕಾಸು ತಗೊಳಲ್ವಾ?"

"ತಟ್ಟೆ ಕಾಸು ಇಷ್ಟು ಬೀಳಲ್ಲ. ಇನ್ನೊಂಚೂರು ಇಳಿಸಿ. ಒಂದು ಕಣ್ಣು ಬೇರೆ ಅಗಲ ಆಗೈತೆ."

ಇಳಿಸಲಿಲ್ಲ. ಅವನು ಎದ್ದ, ಬಾಗಿಲ ತನಕ ಹೋದ, ತಿರುಗಿ ಬಂದ. ಆಗ ಸ್ವಲ್ಪ ಇಳಿಸಿದೆ. ದುಡ್ಡು ಎಣಿಸಿ ಕೊಟ್ಟ. ನಾನು ಪೊಟ್ಟಣ ಕಟ್ಟಲು ಕಾಗದ ಹರಿದೆ.

"ತಡೀರಿ" ಅಂದ. "ಇನ್ನೊಂದ್ಸಲ ತೂಕ ಹಾಕಿ."

ಎರಡೂ ಕಣ್ಣನ್ನು ತಕ್ಕಡಿಯ ಮೇಲಿಟ್ಟೆ. ಅಂಕಿ ಓಡಿತು. ಅದು ನಿಲ್ಲುವ ತನಕ ಅವನು ಉಸಿರು ಬಿಡಲಿಲ್ಲ.